ಈಶ್ವರಮಂಗಲದ ಏರುದಾರಿಯಲ್ಲಿ ಒಂದು ತಕ್ಕಡಿ

ಪುತ್ತೂರಿನಿಂದ ಸುಳ್ಯದ ಕಡೆಗೆ ಸಾಗುವ ಹೆದ್ದಾರಿಯನ್ನು ಕಾವು ಎಂಬಲ್ಲಿ ಬಿಟ್ಟು ದಕ್ಷಿಣಕ್ಕೆ ಹೊರಳಿದ ಪ್ರವಾಸಿಗೆ ಮೊತ್ತಮೊದಲು ಅನುಭವಕ್ಕೆ ಬರುವುದು ನೆಲದ ಏರಿಳಿತ. ಒಂದೇ ಮಟ್ಟದಲ್ಲಿ ಐದು ನಿಮಿಷ ಸಾಗುವ ದಾರಿ ಇಲ್ಲಿ ಅಪರೂಪ. ಕೆಂಪು ಮುರಕಲ್ಲಿನ ಗುಡ್ಡವೊಂದನ್ನೇರಿ, ಗೇರು ರಬ್ಬರು ಮರಗಳ ನೆರಳಿನಲ್ಲಿ ಒಂದು ತಿರುವನ್ನು ದಾಟಿ, ಇಳಿಜಾರಿನಲ್ಲಿ ಜಾರಿ ಬರುವಷ್ಟರಲ್ಲಿ ಕಣಿವೆಯ ತುಂಬ ಅಡಿಕೆಯ ತೋಟ. ತೋಟದ ಅಂಚಿನಲ್ಲಿ ಹೆಂಚಿನ ಮನೆ. ಮನೆಯ ಮುಂದೆ ಅಡಿಕೆ ಒಣಗುವ ವಿಶಾಲವಾದ ಅಂಗಳ. ಕಣ್ಣು ಅದನ್ನು ನೋಡಿ ತಣಿಯುವ ಮೊದಲೇ ಮತ್ತೊಂದು ಏರು. ಹೀಗೆ ಏರುತ್ತ ಇಳಿಯುತ್ತ ದಾರಿ ಈಶ್ವರಮಂಗಲದ ಪೇಟೆಯನ್ನು ತಲಪುತ್ತದೆ.

ಈಶ್ವರಮಂಗಲವು ಪುತ್ತೂರು ತಾಲೂಕಿನ ತೆಂಕಣ ಅಂಚಿನಲ್ಲಿರುವ ಸಣ್ಣ ಪೇಟೆ. ಕೋಟಿ-ಚೆನ್ನಯರ ಕಥೆಯೊಡನೆ ಬೆಸೆದುಕೊಂಡ ಪಡುಮಲೆ ಇಲ್ಲಿಗೆ ದೂರವಲ್ಲ. ಸಮೀಪದ ಹನುಮಗಿರಿಯಲ್ಲಿ ಪಂಚಮುಖಿ ಆಂಜನೇಯನ ಸನ್ನಿಧಿಯಿದೆ. ಪೇಟೆಯನ್ನು ದಾಟಿ ಮುಂದೆ ನಡೆದರೆ ಕೇರಳ. ದೇಲಂಪಾಡಿ, ಅಡೂರು, ಮುಳ್ಳೇರಿಯಗಳು ಆಚೆಗಿವೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದುವರೆಗೆ ಒಂದೇ ಜಿಲ್ಲೆಯಲ್ಲಿ ಒಟ್ಟಿಗಿದ್ದ ಈ ಊರುಗಳ ನಡುವೆ ಗೆರೆಯೊಂದು ಬಿತ್ತು. ಗೆರೆ ನಕಾಶೆಯಲ್ಲಿ ಸ್ಪಷ್ಟವಾಗಿದೆ. ನೆಲದ ಮೇಲೆ ಅಷ್ಟು ಸ್ಪಷ್ಟವಲ್ಲ. ಅದೇ ಅಡಿಕೆ, ಅದೇ ಮಳೆ, ಅದೇ ನೆಂಟಸ್ತಿಕೆ. ತುಳು, ಕನ್ನಡ, ಮಲೆಯಾಳಗಳು ಎರಡೂ ಕಡೆಯ ಅಂಗಡಿಗಳಲ್ಲಿ ಸರಾಗವಾಗಿ ಬೆರೆಯುತ್ತವೆ.

ಈ ದಾರಿಯಲ್ಲಿ ಬೆಳಗಿನ ಆರು ಗಂಟೆಯ ಹೊತ್ತಿಗೆ ಹಾಲಿನ ಕ್ಯಾನು ಹೊತ್ತ ಬೈಕುಗಳ ನಡುವೆ ತರುಣನೊಬ್ಬ ಸೈಕಲು ತುಳಿಯುತ್ತ ಹೋಗುವುದನ್ನು ಊರವರು ಮೂರು ವರ್ಷಗಳಿಂದ ಕಂಡಿದ್ದಾರೆ. ಬಾಗಿದ ಹಿಡಿ, ಬೆರಳಗಲದ ಟಯರು, ಬೆನ್ನು ಬಿಲ್ಲಿನಂತೆ ಬಾಗಿಸಿದ ಸವಾರ. ಮೊದಮೊದಲು ನಕ್ಕವರೂ ಈಗ ಕೈಬೀಸುತ್ತಾರೆ. ಸವಾರಿ ಮುಗಿಸಿ ಚಹಾದ ಅಂಗಡಿಯ ಮುಂದೆ ಅವನು ಇಳಿದಾಗ ಯಾರಾದರೊಬ್ಬರು ತಪ್ಪದೆ ಕೇಳುವ ಪ್ರಶ್ನೆ ಒಂದೇ: “ಎಷ್ಟು ಸ್ಪೀಡ್ ಹೋಗ್ತದೆ ಮಾರಾಯಾ ಇದು?”

“ಸ್ಪೀಡ್ ಲೆಕ್ಕಕ್ಕಿಲ್ಲ ಅಣ್ಣ. ಪವರ್ ನೋಡುವುದು” ಎಂದು ಅವನು ನಕ್ಕು, ಹಿಡಿಯ ಮೇಲಿನ ಸಣ್ಣ ಪರದೆಯನ್ನು ತೋರಿಸುತ್ತಾನೆ. ಅದರಲ್ಲಿ ಕಿಲೊಮೀಟರಿನ ಲೆಕ್ಕದ ಜೊತೆಗೆ ಇನ್ನೊಂದು ಅಂಕೆ ಮಿನುಗುತ್ತಿರುತ್ತದೆ: 180, 205, 240. ಅದು ವ್ಯಾಟ್‌ಗಳ ಲೆಕ್ಕ. ಮನೆಯ ದೀಪವನ್ನು, ತೋಟದ ಪಂಪನ್ನು ಅಳೆಯುವ ಮಾನದಿಂದಲೇ ಆ ಪರದೆ ಮನುಷ್ಯನ ಕಾಲನ್ನು ಅಳೆಯುತ್ತದೆ. ಅಳೆಯುವ ಉಪಕರಣಕ್ಕೆ ಪವರ್ ಮೀಟರ್ ಎಂದು ಹೆಸರು. ಅದನ್ನು ಆರಿಸುವುದು ಎಷ್ಟು ಕಷ್ಟ, ತಪ್ಪಾಗಿ ಆರಿಸಿದರೆ ಏನು ಕಳೆದುಹೋಗಬಹುದು ಎಂಬುದನ್ನು ಆ ತರುಣ ಕಲಿತದ್ದು ಈ ಏರುದಾರಿಗಳಲ್ಲಿಯೇ.

ಸವಾರನ ಶ್ರಮವನ್ನು ಅಳೆಯಲು ವೇಗ ಸಾಲದೇ ಎಂದು ವಾಚಕರು ಕೇಳಬಹುದು. ವಿಜಯಪುರ, ಬಾಗಲಕೋಟೆ, ಜಮಖಂಡಿಗಳ ಬಯಲಿನಲ್ಲಿ, ಗಾಳಿ ನಿಂತ ಹೊತ್ತಿನಲ್ಲಿ, ವೇಗವೇ ಬಹಳಮಟ್ಟಿಗೆ ಸಾಕು. ಕರ್ನಾಟಕದ ಹೆಸರಾಂತ ಸೈಕಲ್ ಪಟುಗಳಲ್ಲಿ ಹಲವರು ಬಂದದ್ದು ಆ ನೆಲದಿಂದಲೇ. ಈಶ್ವರಮಂಗಲದ ಸುತ್ತ ಹಾಗಲ್ಲ. ಇಲ್ಲಿ ಗಂಟೆಗೆ 40 ಕಿಲೊಮೀಟರು ಸಾಗುವಾಗ ಕಾಲು ಸುಮ್ಮನಿರಬಹುದು, ಏಕೆಂದರೆ ಅದು ಇಳಿಜಾರು; ಗಂಟೆಗೆ 10 ಕಿಲೊಮೀಟರು ಸಾಗುವಾಗ ಎದೆ ಒಡೆಯುವಂತಿರಬಹುದು, ಏಕೆಂದರೆ ಅದು ಏರು. ನಾಡಿಯ ಬಡಿತವನ್ನು ನಂಬೋಣವೆಂದರೆ ಕರಾವಳಿಯ ಸೆಕೆ ಅಡ್ಡ ಬರುತ್ತದೆ. ಬೆವರು ಆರದ ಏಪ್ರಿಲ್ ತಿಂಗಳಿನಲ್ಲಿ, ಅಷ್ಟೇ ಶ್ರಮಕ್ಕೆ ಹೃದಯ ಹೆಚ್ಚು ಬಡಿಯುತ್ತದೆ. ಸವಾರಿ ಉದ್ದವಾದಷ್ಟೂ ಬಡಿತ ಏರುತ್ತಲೇ ಹೋಗುತ್ತದೆ. ಶ್ರಮ ಬದಲಾದರೂ ನಾಡಿಗೆ ಅದು ತಿಳಿಯಲು ಅರ್ಧ ನಿಮಿಷ, ಒಂದು ನಿಮಿಷ ಬೇಕು. ವ್ಯಾಟ್ ಮಾತ್ರ ಸೆಕೆ, ಗಾಳಿ, ಏರಿಳಿತಗಳನ್ನು ಬದಿಗಿಟ್ಟು, ಈ ಕ್ಷಣ ಕಾಲು ಎಷ್ಟು ಕೆಲಸ ಮಾಡುತ್ತಿದೆ ಎಂಬುದೊಂದನ್ನೇ ಹೇಳುತ್ತದೆ.

ಅದರ ಲೆಕ್ಕ ಶಾಲೆಯ ಹುಡುಗನೂ ಮಾಡಬಲ್ಲಷ್ಟು ಸರಳ. ಅಡಿಕೆ ಕೊಯ್ಯುವವನೊಬ್ಬನನ್ನು ನೆನೆಯೋಣ. ಕಾಲಿಗೆ ತಳೆ ಹಾಕಿ, 60 ಕಿಲೊ ತೂಕದ ಆಳು 15 ಮೀಟರು ಎತ್ತರದ ಮರವನ್ನು ಅರ್ಧ ನಿಮಿಷದಲ್ಲಿ ಏರಿದನೆನ್ನೋಣ. ತೂಕ, ಎತ್ತರ, ಭೂಮಿಯ ಸೆಳೆತದ 9.78 ಎಂಬ ಅಂಕೆ, ಇವು ಮೂರನ್ನೂ ಗುಣಿಸಿ, ಬಂದದ್ದನ್ನು 30 ಸೆಕೆಂಡಿನಿಂದ ಭಾಗಿಸಿದರೆ 293 ವ್ಯಾಟ್. ಸೈಕಲು ಸಹಿತ 75 ಕಿಲೊ ತೂಗುವ ಸವಾರ 100 ಮೀಟರು ಎತ್ತರವನ್ನು ಆರು ನಿಮಿಷದಲ್ಲಿ ಏರಿದರೆ, ಬರಿಯ ಏರಿಕೆಗೇ 204 ವ್ಯಾಟ್ ಬೇಕು. ಮರವೇರುವವನ ಶ್ರಮ ಅರ್ಧ ನಿಮಿಷದ್ದು; ಸೈಕಲ್ ಪಂದ್ಯದ ಸವಾರನದು ಗಂಟೆಗಳ ಕಾಲ ನಡೆಯುವಂಥದು. ಆದ್ದರಿಂದಲೇ ಅವನಿಗೆ ತನ್ನ ಶಕ್ತಿಯ ಜಮಾಖರ್ಚು ಗೊತ್ತಿರಬೇಕು. ಒಂದು ಗಂಟೆಯ ಕಾಲ ಕುಗ್ಗದೆ ನಡೆಸಬಲ್ಲ ವ್ಯಾಟ್ ಎಷ್ಟೆಂಬುದು ಅವನ ಮೂಲಧನ. ಪ್ರತಿದಿನ ಗಂಟೆಯ ಪರೀಕ್ಷೆ ಯಾರಿಂದಲೂ ಆಗದು. ಆದ್ದರಿಂದ ಇಪ್ಪತ್ತು ನಿಮಿಷ ಪೂರ್ಣ ಬಲದಿಂದ ತುಳಿದು, ಅದರ ಸರಾಸರಿಯ ನೂರಕ್ಕೆ 95ರಷ್ಟನ್ನು ಆ ಗಂಟೆಯ ಅಳತೆಯೆಂದು ಹಿಡಿಯುವ ವಾಡಿಕೆ ಬಂದಿದೆ.

ಒಬ್ಬೊಬ್ಬನೇ ಗಡಿಯಾರದ ವಿರುದ್ಧ ಓಡುವ ಪಂದ್ಯದಲ್ಲಿ ಈ ಜಮಾಖರ್ಚು ಇನ್ನೂ ಮುಖ್ಯ. 2016ರಲ್ಲಿ ಕತಾರಿನ ದೋಹಾದಲ್ಲಿ ನಡೆದ ವಿಶ್ವ ರಸ್ತೆ ಸೈಕಲ್ ಪಂದ್ಯಾವಳಿಯಲ್ಲಿ ಬೆಂಗಳೂರಿನ ನವೀನ್ ಜಾನ್ ಮತ್ತು ಅರವಿಂದ್ ಪನ್ವಾರ್ ಭಾರತದ ಪರವಾಗಿ ಇಳಿದದ್ದು ಇಂಥ ಪಂದ್ಯಕ್ಕೆ. ಅಲ್ಲಿ ಮುಂದೆ ಹಿಂದೆ ಯಾರ ನೆರಳೂ ಇಲ್ಲ. ಮೊದಲ ಐದು ನಿಮಿಷದಲ್ಲಿ ಉತ್ಸಾಹದಿಂದ ಹತ್ತಿಪ್ಪತ್ತು ವ್ಯಾಟ್ ಹೆಚ್ಚು ಸುರಿದವನು ಕೊನೆಯ ಹತ್ತು ನಿಮಿಷದಲ್ಲಿ ಅದಕ್ಕೆ ಬಡ್ಡಿ ತೆರುತ್ತಾನೆ.

ಉಪಕರಣದ ಒಡಲು ಸಣ್ಣದು. ಲೋಹದ ಮೇಲೆ ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗುವ ಜಾಗದಲ್ಲಿ ಕೂದಲಿನಂಥ ತಂತಿಯ ಪಟ್ಟಿಯನ್ನು ಅಂಟಿಸಿದರೆ ತಂತಿಯೂ ಹಿಗ್ಗುತ್ತದೆ. ಹಿಗ್ಗಿದಾಗ ಅದರಲ್ಲಿ ವಿದ್ಯುತ್ತು ಹರಿಯಲು ಆಗುವ ತಡೆ ಬದಲಾಗುತ್ತದೆ. ಆ ಬದಲಾವಣೆಯಿಂದ ಬಲವನ್ನು, ಕಾಲು ತಿರುಗುವ ವೇಗದಿಂದ ಸುತ್ತನ್ನು ಅರಿತು, ಎರಡನ್ನೂ ಗುಣಿಸಿದರೆ ವ್ಯಾಟ್. ಸ್ಟ್ರೇನ್ ಗೇಜ್ ಎಂಬ ಈ ಪಟ್ಟಿಯನ್ನು 1938ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಸಿಮನ್ಸ್, ಆರ್ಥರ್ ರೂಗ್ ಎಂಬಿಬ್ಬರು ಬೇರೆ ಬೇರೆಯಾಗಿ ಕಂಡುಹಿಡಿದರು. ಅದನ್ನು ಸೈಕಲ್ಲಿನ ಕ್ರ್ಯಾಂಕಿಗೆ ಕೂಡಿಸಿ ರಸ್ತೆಗೆ ತಂದ ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬರರ್ ತನ್ನ ಎಸ್.ಆರ್.ಎಂ. ಸಂಸ್ಥೆಯನ್ನು ಆರಂಭಿಸಿದ್ದು 1986ರಲ್ಲಿ; ಪುತ್ತೂರಿನಲ್ಲಿ ಕ್ಯಾಂಪ್ಕೊದ ಚಾಕಲೇಟ್ ಕಾರ್ಖಾನೆ ಹುಟ್ಟಿದ ವರ್ಷವೂ ಅದೇ. ಇಂದು ಅಡಿಕೆ ಅಂಗಡಿಯಲ್ಲಿ ಕೆಂಪು ಅಂಕೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯ ಹೊಟ್ಟೆಯಲ್ಲಿರುವುದೂ ಇಂಥ ಪಟ್ಟಿಯೇ. ಅಂದಮೇಲೆ ಪವರ್ ಮೀಟರ್ ಎಂಬುದು ಓಡುತ್ತಿರುವ ಒಂದು ತಕ್ಕಡಿ. ತಕ್ಕಡಿಗೆ ಬರುವ ರೋಗಗಳೆಲ್ಲ ಅದಕ್ಕೂ ಬರುತ್ತವೆ.

ತರುಣನಿಗೆ ಇದು ಮೊದಲು ತಿಳಿದಿರಲಿಲ್ಲ. ಅಜ್ಜ ಕೊಟ್ಟ ಅಡಿಕೆಯ ಹಣದಲ್ಲಿ ಅವನು ಕೊಂಡದ್ದು ಯಾರೋ ಬಳಸಿ ಮಾರಿದ, ಎಡಗಡೆಯ ಕ್ರ್ಯಾಂಕಿಗೆ ಮಾತ್ರ ಅಂಟಿಸಿದ ಮೀಟರು. ಹೊಸದರ ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗಿದ. ಎರಡು ವರ್ಷ ಅದನ್ನೇ ನಂಬಿ ಬೆವರು ಹರಿಸಿದ. ಇಪ್ಪತ್ತು ನಿಮಿಷದ ಪರೀಕ್ಷೆಯಲ್ಲಿ ಪರದೆ 240 ವ್ಯಾಟ್ ತೋರಿಸಿದ ದಿನ, ಮಂಗಳೂರಿನಲ್ಲಿ ಆಯ್ಕೆ ನಡೆಸುತ್ತಿದ್ದ ಒಂದು ತಂಡಕ್ಕೆ ಅರ್ಜಿ ಬರೆದು, ಆ ಅಂಕೆಯನ್ನು ಅದರಲ್ಲಿ ನಮೂದಿಸಿದ.

ಆಯ್ಕೆಯ ದಿನ ತಂಡದವರು ಎಲ್ಲರನ್ನೂ ತಮ್ಮದೇ ಆದ ನಿಂತ ಸೈಕಲ್ಲಿನ ಮೇಲೆ ಕೂರಿಸಿ ತುಳಿಸಿದರು. ತರುಣ ಪ್ರಾಣವನ್ನು ಕಾಲಿಗಿಳಿಸಿ ತುಳಿದ. ಇಪ್ಪತ್ತು ನಿಮಿಷ ಮುಗಿದಾಗ ಅಲ್ಲಿಯ ಪರದೆಯಲ್ಲಿದ್ದದ್ದು 220. ತರಬೇತುದಾರರು ಅರ್ಜಿಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದರು. ಗದರಲಿಲ್ಲ. “ಬರೆಯುವಾಗ ಇದ್ದದ್ದನ್ನೇ ಬರೆಯಬೇಕು” ಎಂದಷ್ಟೇ ಹೇಳಿ ಮುಂದಿನವನ ಹೆಸರು ಕರೆದರು.

ಸೋಲು ದೊಡ್ಡ ಮಾತಲ್ಲ. ಆಟಕ್ಕೆ ಇಳಿದವನು ಸೋಲಲು ಸಿದ್ಧನಾಗಿಯೇ ಇಳಿದಿರುತ್ತಾನೆ. ಆದರೆ ಸುಳ್ಳುಗಾರನೆನಿಸಿಕೊಂಡದ್ದು ಅವನನ್ನು ಕೊರೆಯಿತು. ಅದಕ್ಕಿಂತ ಕೆಟ್ಟದ್ದು, ತನ್ನ ಬಗೆಗೇ ಹುಟ್ಟಿದ ಸಂಶಯ. ಇಪ್ಪತ್ತು ವ್ಯಾಟ್ ಎಲ್ಲಿ ಹೋಯಿತು? ತನ್ನ ಬಲ ಕುಂದಿತೆ, ಅಥವಾ ಎಂದೂ ಇರಲೇ ಇಲ್ಲವೆ? ವಾರದವರೆಗೆ ಸೈಕಲು ಗೋಡೆಗೊರಗಿಕೊಂಡು ಧೂಳು ಹಿಡಿಯಿತು.

ಅಜ್ಜನಿಗೆ ಎಂಬತ್ತು ದಾಟಿದೆ. ತೋಟದ ಜೊತೆಗೆ ಬಹುಕಾಲ ಅಡಿಕೆಯ ಸಣ್ಣ ವ್ಯಾಪಾರವನ್ನೂ ಮಾಡಿದವರು. ಮಣ, ರಾತಲುಗಳು ಹೋಗಿ ಕಿಲೊ ಬಂದದ್ದನ್ನು ಕಣ್ಣಾರೆ ಕಂಡವರು. 1956ರ ತೂಕ ಮತ್ತು ಅಳತೆಗಳ ಕಾಯಿದೆಯಂತೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಳಕೆಗೆ ಬಂದಾಗ ಅವರಿನ್ನೂ ಹುಡುಗ. ಗಡಿಯ ಗೆರೆ ಎಳೆದ ವರ್ಷವೇ ತೂಕದ ಗೆರೆಯೂ ಬದಲಾಯಿತೆಂದು ಅವರು ಆಗಾಗ ನೆನೆಯುವುದುಂಟು. ಮೊಮ್ಮಗ ಮೌನವಾಗಿರುವುದನ್ನು ನೋಡಿ ಒಂದು ಸಂಜೆ ಅಂಗಳದಲ್ಲಿ ಕೇಳಿದರು:

“ಎಂತ ಮಗಾ, ಸುಳ್ಳು ಹೇಳಿದ್ದು ನೀನಾ, ನಿನ್ನ ತಕ್ಕಡಿಯಾ?”

“ಅದೇ ಗೊತ್ತಾಗುವುದಿಲ್ಲ ಅಜ್ಜ.”

“ಗೊತ್ತಾಗದೆ ಎಂತ? ತಕ್ಕಡಿಯ ಮೇಲೆ ಸಂಶಯ ಬಂದರೆ ನಾವು ಎಂತ ಮಾಡ್ತಿದ್ದೆವು? ಮೊದಲು ತಟ್ಟೆ ಖಾಲಿ ಮಾಡಿ ಮುಳ್ಳು ನೋಡುವುದು. ಮತ್ತೆ ಮುದ್ರೆ ಒತ್ತಿದ ಕಲ್ಲು ಇಟ್ಟು ನೋಡುವುದು. ಮತ್ತೂ ಸಂಶಯ ಇದ್ದರೆ ಈಚೆ ತಟ್ಟೆಯದ್ದನ್ನು ಆಚೆ ತಟ್ಟೆಗೆ ಹಾಕಿ ನೋಡುವುದು. ಮೂರೂ ಸರಿ ಬಂದರೆ ತಕ್ಕಡಿ ಸರಿ. ಬಾರದಿದ್ದರೆ ತಕ್ಕಡಿಯನ್ನು ಬಯ್ಯಿ, ನಿನ್ನನ್ನು ಯಾಕೆ ಬಯ್ಯುತ್ತಿ?”

ಉಗ್ರಾಣದ ಮೂಲೆಯಲ್ಲಿ ಹಳೆಯ ವ್ಯಾಪಾರದ ಕಾಲದ 20 ಕಿಲೊ ಕಬ್ಬಿಣದ ತೂಕದ ಕಲ್ಲೊಂದು ಹಿಡಿ ಸಹಿತ ಇತ್ತು. ಅದನ್ನು ಪೇಟೆಯ ಅಂಗಡಿಯಲ್ಲಿ ಇಲಾಖೆಯ ಹೊಸ ಮುದ್ರೆಯಿದ್ದ ತಕ್ಕಡಿಯಲ್ಲಿಟ್ಟು ನೋಡಿದರು, ಸರಿಯಾಗಿತ್ತು. ಆ ರಾತ್ರಿ ಜಗಲಿಯಲ್ಲಿ ಪರೀಕ್ಷೆ ನಡೆಯಿತು.

ಸೈಕಲ್ಲಿನ ಹಿಂದಿನ ಚಕ್ರ ಅಲುಗದಂತೆ ಬಿಗಿದರು. ಎಡಗಡೆಯ ಕ್ರ್ಯಾಂಕನ್ನು ಮುಂದಕ್ಕೆ ಚಾಚಿ, ಮೇಸ್ತ್ರಿಯ ರಸಮಟ್ಟವಿಟ್ಟು ನೆಲಕ್ಕೆ ಸಮವಾಗಿಸಿದರು. ಭಾರವಿಲ್ಲದಾಗ ಸೊನ್ನೆ ಬರುವಂತೆ ಮೀಟರನ್ನು ಹೊಂದಿಸಿ, ಪೆಡಲಿನ ಅಚ್ಚಿಗೆ ಕಲ್ಲನ್ನು ತೂಗುಬಿಟ್ಟರು. ಕ್ರ್ಯಾಂಕಿನ ಉದ್ದ 170 ಮಿಲಿಮೀಟರು. 20 ಕಿಲೊ, 9.78, 0.17 ಇವುಗಳ ಗುಣಲಬ್ಧ 33.25 ನ್ಯೂಟನ್‌ಮೀಟರು. ಮೊಬೈಲಿನ ಪರದೆಯಲ್ಲಿ ಬರಬೇಕಾದದ್ದು ಇದು. ಬಂದದ್ದು 34.9. ಕಲ್ಲನ್ನು ಇಳಿಸಿ ಮತ್ತೆ ತೂಗುಹಾಕಿದರು: 34.9. ಮೂರನೆಯ ಸಲವೂ ಅದೇ. ಮೀಟರು ನೂರಕ್ಕೆ ಐದರಷ್ಟು ಹೆಚ್ಚು ಹೇಳುತ್ತಿತ್ತು. ಪ್ರತಿ ಸಲವೂ ಅಷ್ಟನ್ನೇ ಹೆಚ್ಚು ಹೇಳುತ್ತಿತ್ತು.

ಇದರಿಂದ ಲೆಕ್ಕ ಅರ್ಧ ಮಾತ್ರ ಬಗೆಹರಿಯಿತು. 220ಕ್ಕೆ ಐದು ಪಾಲು ಸೇರಿಸಿದರೆ 231. ಉಳಿದ ಒಂಬತ್ತು ಎಲ್ಲಿಯದು? ಅದಕ್ಕೆ ಅಜ್ಜನ ಮೂರನೆಯ ಪರೀಕ್ಷೆಯೇ ಬೇಕಾಯಿತು. ಪುತ್ತೂರಿನ ಗೆಳೆಯನೊಬ್ಬನ ಬಳಿ ಎರಡೂ ಪೆಡಲಿನಲ್ಲಿ ಬೇರೆ ಬೇರೆ ಮಾಪಕವುಳ್ಳ ಮೀಟರಿತ್ತು. ಅದನ್ನು ಎರವಲು ತಂದು, ಅದೇ ಕಲ್ಲನ್ನು ತೂಗಿ ನೋಡಿದಾಗ ಎಡಕ್ಕೆ 33.2, ಬಲಕ್ಕೆ 33.3. ಆ ಪೆಡಲುಗಳೊಡನೆ ಏರಿಗೆ ಹೋದಾಗ ನಿಜ ಹೊರಬಿತ್ತು. ತರುಣನ ಎಡಗಾಲು ಬಲಗಾಲಿಗಿಂತ ಬಲವುಳ್ಳದ್ದು. ನೂರರಲ್ಲಿ 52 ಪಾಲು ಕೆಲಸ ಎಡಗಾಲಿನದು. ಒಂದೇ ಬದಿಯನ್ನು ಅಳೆಯುವ ಮೀಟರು ಎಡಗಾಲಿನ ಕೆಲಸವನ್ನು ಎರಡರಿಂದ ಗುಣಿಸಿ, ಇದೇ ಒಟ್ಟು ಎಂದು ಹೇಳುತ್ತದೆ. 220ರಲ್ಲಿ ಎಡಗಾಲಿನ ಪಾಲು 114; ಐದು ಪಾಲಿನ ಸುಳ್ಳು ಸೇರಿ 120; ಇಮ್ಮಡಿಸಿದರೆ 240. ಕಳೆದುಹೋದ ಇಪ್ಪತ್ತು ವ್ಯಾಟ್ ಸಿಕ್ಕಿತು. ಅದು ಎಂದೂ ಕಾಲಿನಲ್ಲಿರಲಿಲ್ಲ, ತಕ್ಕಡಿಯಲ್ಲಿತ್ತು.

ಈ ಘಟನೆಯಿಂದ ಪವರ್ ಮೀಟರ್ ಕೊಳ್ಳುವವರು ಕಲಿಯಬೇಕಾದದ್ದು ಸಾಕಷ್ಟಿದೆ. ಪೆಟ್ಟಿಗೆಯ ಮೇಲೆ ನೂರಕ್ಕೆ ಒಂದರಷ್ಟೇ ಅಂತರವೆಂದು ಅಚ್ಚಾಗಿರುತ್ತದೆ. ಅದು ತಯಾರಕರ ಮಾತು. ಅಂಗಡಿಯ ತಕ್ಕಡಿಗೆ ನಿಯತಕಾಲಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳುತ್ತದೆ. ಸೈಕಲ್ಲಿನ ಈ ತಕ್ಕಡಿಗೆ ಅಂಥ ಮುದ್ರೆಯಿಲ್ಲ. ಆದ್ದರಿಂದ ಕೊಳ್ಳುವವನೇ ಇಲಾಖೆಯೂ ಆಗಬೇಕು. ಬಳಕೆದಾರನು ತೂಕವನ್ನು ತೂಗುಹಾಕಿ ಪರೀಕ್ಷಿಸಲು ಬರುವಂತೆ, ತಪ್ಪಿದ್ದರೆ ತಾನೇ ತಿದ್ದಲು ಬರುವಂತೆ ಮಾಡಿದ ಮೀಟರು ಹಾಗಲ್ಲದ್ದಕ್ಕಿಂತ ಮೇಲು. ಬೆಲೆಗಿಂತ ಮೊದಲು ವಿಚಾರಿಸಬೇಕಾದ ಗುಣ ಇದು.

ಎರಡನೆಯದು ಜಾಗದ ಪ್ರಶ್ನೆ. ಎಡ ಕ್ರ್ಯಾಂಕಿನ ಮೀಟರು ಅಗ್ಗ, ಹಗುರ; ತನ್ನನ್ನು ತನ್ನೊಡನೆಯೇ ಹೋಲಿಸಿಕೊಳ್ಳುವವನಿಗೆ ಒಂದು ಮಟ್ಟಿಗೆ ಸಾಕು. ಆದರೆ ದಣಿದಾಗ ಎಡಬಲಗಳ ಪಾಲು ಬದಲಾಗುವುದುಂಟು. ಆಗ ಅದು ಸುಳ್ಳಿನ ಪ್ರಮಾಣವನ್ನೂ ಬದಲಿಸುತ್ತದೆ. ಮುಂದಿನ ಹಲ್ಲುಚಕ್ರದ ನಡುವೆ ಕೂರುವ ಮೀಟರು, ಎಸ್.ಆರ್.ಎಂ., ಕ್ವಾರ್ಕ್ ಮೊದಲಾದವರು ಮಾಡುವಂಥದು, ಎರಡು ಕಾಲಿನ ಒಟ್ಟು ಬಲವನ್ನು ಅಳೆಯುತ್ತದೆ. ಅದು ಗಟ್ಟಿ, ಕಲ್ಲಿಗೆ ತಾಗುವ ಭಯ ಕಡಿಮೆ. ಆದರೆ ಒಂದು ಸೈಕಲ್ಲಿನಿಂದ ಇನ್ನೊಂದಕ್ಕೆ ಬದಲಿಸುವುದು ಕೆಲಸದ ಮಾತು. ಯಾವ ಸೈಕಲ್ಲಿಗೆ ಯಾವುದು ಹೊಂದುತ್ತದೆಂದು ಮೊದಲೇ ನೋಡಬೇಕು. ಇಟಲಿಯ ಫವೆರೋ, ಅಮೆರಿಕದ ಗಾರ್ಮಿನ್ ಮೊದಲಾದವರ ಪೆಡಲುಗಳು ಎರಡು ಕಾಲನ್ನೂ ಬೇರೆ ಬೇರೆ ಅಳೆಯುತ್ತವೆ. ಕೆಲವು ನಿಮಿಷಗಳಲ್ಲಿ ಬಿಚ್ಚಿ ಬೇರೆ ಸೈಕಲ್ಲಿಗೆ ಹಾಕಬಹುದು. ಆದರೆ ಬಿದ್ದಾಗ ನೆಲಕ್ಕೆ ತಾಗುವುದೂ ಅವೇ. ಹಿಂದಿನ ಚಕ್ರದ ಹಬ್ಬಿನಲ್ಲಿ ಅಳೆಯುವ ಬಗೆಯೂ ಕೆಲಕಾಲ ಜನಪ್ರಿಯವಾಗಿತ್ತು, ಈಗ ವಿರಳ. ಚೈನಿನ ಘರ್ಷಣೆಯಲ್ಲಿ ಕಳೆದದ್ದನ್ನು ಬಿಟ್ಟು ಚಕ್ರಕ್ಕೆ ತಲಪಿದ್ದನ್ನು ಮಾತ್ರ ಅದು ಲೆಕ್ಕ ಹಿಡಿಯುವುದರಿಂದ ಪೆಡಲಿನ ಅಂಕೆಗಿಂತ ತುಸು ಕಡಿಮೆ ತೋರಿಸುತ್ತದೆ. ಎರಡು ಮೀಟರುಗಳನ್ನು ಹೋಲಿಸುವವರು ಇದನ್ನು ಮರೆತು ಜಗಳಕ್ಕಿಳಿಯುವುದುಂಟು.

ಮೂರನೆಯದು ಹವೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ರಸ್ತೆಯ ಕೆಸರುನೀರು ಎರಚುವುದು ಸರಿಯಾಗಿ ಪೆಡಲು, ಕ್ರ್ಯಾಂಕುಗಳ ಎತ್ತರಕ್ಕೆ. ಗುಂಡಿಯಂಥ ಬ್ಯಾಟರಿ ಹಾಕುವ ಮೀಟರುಗಳಲ್ಲಿ ಮುಚ್ಚಳದ ರಬ್ಬರಿನ ಬಳೆ ಸವೆದರೆ ತೇವ ಒಳಹೊಕ್ಕು ಕಿಲುಬು ಹಿಡಿಯುತ್ತದೆ. ಪೂರ್ತಿಯಾಗಿ ಮುಚ್ಚಿದ, ಹೊರಗಿನಿಂದಲೇ ವಿದ್ಯುತ್ತು ತುಂಬುವ ಮೀಟರುಗಳು ಇಲ್ಲಿಗೆ ವಾಸಿ. ಐ.ಪಿ. 67 ಎಂಬ ಗುರುತಿದ್ದರೆ, ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದೆಂಬ ಪರೀಕ್ಷೆಯಲ್ಲಿ ಗೆದ್ದಿದೆ ಎಂದರ್ಥ. ಇಂಥ ಮೀಟರುಗಳಲ್ಲಿ ಹೆಚ್ಚಿನವು ಪರದೇಶದಿಂದ ಬಂದವು. ಕೆಟ್ಟರೆ ರಿಪೇರಿಗೆ ಎಲ್ಲಿಗೆ ಕಳಿಸಬೇಕು, ಖರ್ಚು ಯಾರದು ಎಂಬುದನ್ನು ಹಣ ಕೊಡುವ ಮೊದಲೇ ಕೇಳಿಕೊಳ್ಳಬೇಕು.

ಮಳೆಯಂತೆಯೇ ಬಿಸಿಲು. ಲೋಹ ಕಾದಾಗ ಹಿಗ್ಗುತ್ತದೆ. ಭಾರವಿಲ್ಲದಿದ್ದರೂ ಮೀಟರು ಭಾರವಿದೆಯೆಂದು ಭ್ರಮಿಸುತ್ತದೆ. ಒಳ್ಳೆಯ ಮೀಟರುಗಳು ಉಷ್ಣತೆಯನ್ನೂ ಅಳೆದು ಇದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ, ಸಾಧಾರಣವಾದವು ತಪ್ಪುತ್ತವೆ. ತರುಣ ತನ್ನ ಹಳೆಯ ಮೀಟರನ್ನು ಮನೆಯೊಳಗಿನ ತಂಪಿನಲ್ಲಿ ಸೊನ್ನೆಗೆ ಹೊಂದಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳದಲ್ಲಿಟ್ಟು ನೋಡಿದ. ಖಾಲಿ ಪೆಡಲು ಅರ್ಧ ನ್ಯೂಟನ್‌ಮೀಟರು ತೋರಿಸಿತು. ಅರ್ಧವೆಂದರೆ ಅಲ್ಪವೆನಿಸಬಹುದು. ನಿಮಿಷಕ್ಕೆ 85 ಸುತ್ತು ತುಳಿಯುವವನಿಗೆ ಅದು ನಾಲ್ಕೂವರೆ ವ್ಯಾಟ್; ಇಮ್ಮಡಿಸುವ ಮೀಟರಿನಲ್ಲಿ ಒಂಬತ್ತು. ನೂರಕ್ಕೆ ಐದರ ಹಳೆಯ ಸುಳ್ಳಾದರೂ ನಿಯತ್ತಿನ ಸುಳ್ಳು. ಅದನ್ನು ಕಳೆದು ಲೆಕ್ಕ ಹಾಕಬಹುದು. ಗಂಟೆಗೊಂದು ಬಗೆಯಾಗಿ ಬದಲಾಗುವ ಸುಳ್ಳಿಗೆ ಮದ್ದಿಲ್ಲ. ಸೈಕಲನ್ನು ಹೊರಗಿನ ಹವೆಯಲ್ಲಿ ಕಾಲು ಗಂಟೆ ನಿಲ್ಲಿಸಿ, ಆಮೇಲೆ ಸೊನ್ನೆಗೆ ಹೊಂದಿಸಿ ಹೊರಡುವ ರೂಢಿಯನ್ನು ಅವನು ಅಂದೇ ಆರಂಭಿಸಿದ. ಅಜ್ಜನ ಭಾಷೆಯಲ್ಲಿ ಅದು ಖಾಲಿ ತಟ್ಟೆಯ ಮುಳ್ಳು ನೋಡುವುದು.

ಕೊನೆಯ ಸಾಕ್ಷಿ ಗುಡ್ಡ. ಎತ್ತರ ಗೊತ್ತಿರುವ ಏರೊಂದನ್ನು ಗೊತ್ತಾದ ತೂಕದಿಂದ ಹತ್ತಿ, ಗಡಿಯಾರ ನೋಡಿದರೆ ಲೆಕ್ಕ ತಾನಾಗಿ ಬರುತ್ತದೆ. ಕಡಿದಾದ ಏರಿನಲ್ಲಿ ಗಾಳಿಗೂ ಟಯರಿನ ಘರ್ಷಣೆಗೂ ಇನ್ನೊಂದು ಹತ್ತನೆಯ ಪಾಲನ್ನು, ಕೆಲವೊಮ್ಮೆ ತುಸು ಹೆಚ್ಚನ್ನು ಸೇರಿಸಬೇಕು. ಈ ಪರೀಕ್ಷೆ ಸೂಕ್ಷ್ಮವಲ್ಲ. ನೂರಕ್ಕೆ ಎರಡರ ತಪ್ಪನ್ನು ಇದು ಹಿಡಿಯಲಾರದು. ಆದರೆ ದೊಡ್ಡ ಸುಳ್ಳನ್ನು ಹಿಡಿಯುತ್ತದೆ. ಗುಡ್ಡಕ್ಕೆ ಯಾವ ತಯಾರಕರ ಹಂಗೂ ಇಲ್ಲ.

ಮರುವರ್ಷದ ಅಡಿಕೆ ಮಾರಿದ ಮೇಲೆ ತರುಣ ಕೊಂಡದ್ದು ಎರಡೂ ಬದಿ ಅಳೆಯುವ, ಪೂರ್ತಿ ಮುಚ್ಚಿದ ಪೆಡಲುಗಳನ್ನು. ಮಾರುಕಟ್ಟೆಯಲ್ಲಿ ಅದಕ್ಕಿಂತ ದುಬಾರಿಯವು ಇದ್ದವು. ಪೆಟ್ಟಿಗೆ ಬಿಚ್ಚಿದ ರಾತ್ರಿಯೇ ಜಗಲಿಯಲ್ಲಿ 20 ಕಿಲೊ ಕಲ್ಲು ಮತ್ತೆ ತೂಗಾಡಿತು; ಕನ್ನಡಕ ಹಾಕಿಕೊಂಡು ಪರದೆ ನೋಡಿದವರು ಅಜ್ಜ. ಹಳೆಯ ಮೀಟರನ್ನು ಕೊಳ್ಳಲು ಒಬ್ಬ ಬಂದಿದ್ದ. ಅದು ನೂರಕ್ಕೆ ಐದು ಹೆಚ್ಚು ತೋರಿಸುತ್ತದೆ, ಬಿಸಿಲಿನಲ್ಲಿ ಇನ್ನೂ ತಪ್ಪುತ್ತದೆ ಎಂದು ತಿಳಿಸಿದ ಮೇಲೆ ಅವನು ಕೊಳ್ಳದೆ ಹೋದ. ಅದೀಗ ಉಗ್ರಾಣದಲ್ಲಿ, ಕಲ್ಲಿನ ಪಕ್ಕದಲ್ಲಿದೆ.

ಅದಕ್ಕೂ ಮೊದಲು ತರುಣ ಮಾಡಿದ ಕೆಲಸ ಇನ್ನೊಂದಿದೆ. ಮಂಗಳೂರಿನ ತರಬೇತುದಾರರಿಗೆ ಅವನೊಂದು ಕಾಗದ ಬರೆದ. ತಾನು ಕೊಟ್ಟ 240 ತಪ್ಪು, ತಂಡದವರು ಕಂಡ 220 ಸರಿ ಎಂದು ಒಪ್ಪಿಕೊಂಡು, ತಪ್ಪು ಎಲ್ಲಿತ್ತೆಂಬುದನ್ನು ಕಲ್ಲಿನ ತೂಕ, ಕ್ರ್ಯಾಂಕಿನ ಉದ್ದ, ಎಡಬಲಗಳ ಪಾಲು ಸಹಿತ ಲೆಕ್ಕ ಮಾಡಿ ತೋರಿಸಿದ್ದ. ಮತ್ತೊಮ್ಮೆ ಅವಕಾಶ ಕೊಡಿರೆಂದು ಕೇಳಿರಲಿಲ್ಲ. ಎರಡು ವಾರದ ಮೇಲೆ ಉತ್ತರ ಬಂತು, ಎರಡೇ ಸಾಲು. ಮಳೆಗಾಲ ಕಳೆದ ಮೇಲೆ ಬಾ. ಬರುವಾಗ ಆ ಪರೀಕ್ಷೆಯನ್ನು ನಮ್ಮ ಹುಡುಗರಿಗೂ ಮಾಡಿ ತೋರಿಸು.

ಈಗ ಬೆಳಗಿನ ಆರು ಗಂಟೆಗೆ ಅವನು ಮೊದಲು ಸೈಕಲನ್ನು ಅಂಗಳದಲ್ಲಿ ನಿಲ್ಲಿಸುತ್ತಾನೆ. ಕಾಲು ಗಂಟೆಯಲ್ಲಿ ಚಹಾ ಮುಗಿಯುತ್ತದೆ. ಸೊನ್ನೆ ನೋಡಿಕೊಂಡು ಹೊರಟರೆ ಪೇಟೆ ದಾಟಿ, ಗಡಿ ದಾಟಿ, ಅಡೂರಿನ ಕಡೆಗೆ, ಪಯಸ್ವಿನಿ ಹೊಳೆ ಹರಿಯುವ ದಿಕ್ಕಿಗೆ ಹೋಗುತ್ತಾನೆ. ರಾಜ್ಯ ಬದಲಾದದ್ದು ಮೀಟರಿಗೆ ತಿಳಿಯುವುದಿಲ್ಲ. ಆಚೆಯ ಏರಿಗೂ ಈಚೆಯ ಏರಿಗೂ ಅದರ ಬಳಿ ಒಂದೇ ಬೆಲೆ. ಪರದೆಯಲ್ಲಿ ಈಗ 240 ಕಾಣುವುದು ಅಪರೂಪ. 224, 226 ಎಂದು ತಿಂಗಳಿಗೆ ಒಂದೆರಡರಂತೆ ಅಂಕೆ ಮೇಲಕ್ಕೆ ಹೋಗುತ್ತಿದೆ. ಚಹಾದ ಅಂಗಡಿಯವರು ಮಾತ್ರ ಈಗಲೂ ಸ್ಪೀಡನ್ನೇ ಕೇಳುತ್ತಾರೆ. ಅಜ್ಜ ಕೇಳುವುದು ಬೇರೆ:

“ಇವತ್ತು ಮುಳ್ಳು ಸರಿ ನಿಂತಿತ್ತಾ ಮಗಾ?”

“ನಿಂತಿತ್ತು ಅಜ್ಜ.”

“ಹಾಗಾದರೆ ಬಂದಷ್ಟು ನಿನ್ನದೇ.”